ಎಎಫ್‌ಪಿ ರಿಪೋರ್ಟು ಕೈಗೆ ಬಂದಾಗ: ಲಿವರ್ ಕ್ಯಾನ್ಸರಿನ ರಕ್ತಪರೀಕ್ಷೆಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕನ್ನಡಿಗರಿಗೆ ಲಿವರಿನ ಕಾಯಿಲೆ ಬಂದರೆ ಅದರ ಜೊತೆಗೆ ಭಾಷೆಯ ತೊಡಕೂ ಬರುತ್ತದೆ. ಮಲಯಾಳದಲ್ಲಿ ಲಿವರಿಗೆ ‘ಕರಳ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ‘ಕರುಳು’ ಎಂದೇ ಬೀಳುತ್ತದೆ. ಬದಿಯಡ್ಕದ ಆಚೆಗಿರುವ ನನ್ನ ಭಾವನಿಗೆ ವೈದ್ಯರು ಕರಳಿನಲ್ಲಿ ಏನೋ ಸಂಶಯವಿದೆ, ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಭಾವ ಮನೆಗೆ ಬಂದು ಎರಡು ವಾರ ದಾಳಿಂಬೆ ಓಡಿನ ತಂಬುಳಿ ಉಂಡು ಕರುಳನ್ನು ತಂಪು ಮಾಡಿಕೊಂಡರು. ಆಮೇಲೆ ಚೀಟಿ ನನ್ನ ಕೈಗೆ ಬಂತು. ಅದರಲ್ಲಿ ಬರೆದಿದ್ದುದು ಲಿವರ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆ, ಎಎಫ್‌ಪಿ.

ರಕ್ತ ಕೊಟ್ಟ ಮರುದಿನ ರಿಪೋರ್ಟು ಮೊಬೈಲಿಗೆ ಬಂತು: 38. ಮೇಲೆ ‘ಟ್ಯೂಮರ್ ಮಾರ್ಕರ್’ (ಗಡ್ಡೆಯ ಸುಳಿವು ಕೊಡುವ ರಕ್ತದ ಅಂಶ) ಎಂಬ ತಲೆಬರಹ, ಅಂಕಿಯ ಪಕ್ಕದಲ್ಲಿ ಹೆಚ್ಚಾಗಿದೆ ಎಂಬ ಗುರುತು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಅದೇ ವರ್ಷ ನಮ್ಮ ದೊಡ್ಡಮ್ಮನಿಗೆ ಅದೇ ಪರೀಕ್ಷೆಯಲ್ಲಿ 4 ಬಂದಿತ್ತು. ನಾರ್ಮಲ್ ಎಂದು ಮನೆಯವರೆಲ್ಲ ನಿರಾಳರಾಗಿ, ವೈದ್ಯರು ಹೇಳಿದ್ದ ಸ್ಕ್ಯಾನಿಂಗನ್ನು ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದಕ್ಕೆ ಹಾಕಿದ್ದರು. ಕೊನೆಗೆ ಗಡ್ಡೆ ಸಿಕ್ಕಿದ್ದು ದೊಡ್ಡಮ್ಮನ ಲಿವರಿನಲ್ಲಿ. ಭಾವನ ಲಿವರಿನಲ್ಲಿ ಗಡ್ಡೆಯೇ ಇರಲಿಲ್ಲ.

ನಾನು ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದು ಯಂತ್ರಕ್ಕೆ ಹಾಕಿದವನು, ವೈದ್ಯನಲ್ಲ. ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಅಂಕಿ ಹೇಗೆ ಹುಟ್ಟುತ್ತದೆ, ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ, ಅದನ್ನು ಹಿಡಿದುಕೊಂಡು ಮುಂದೆ ಏನು ಮಾಡಬೇಕು ಎಂಬುದನ್ನು ಹೇಳಬಲ್ಲೆ.

ತೋಟದ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ತೋಟದ ಬದಿಯಲ್ಲಿ ನಾಯಿ ಬೊಗಳುತ್ತದೆ. ಹಂದಿ ಬಂದಿರಬಹುದು, ಯಾರೋ ದಾರಿಹೋಕ ಇರಬಹುದು, ಸೋಗೆ ಬಿದ್ದ ಸದ್ದೂ ಆಗಿರಬಹುದು. ಇನ್ನು ಕೆಲವು ರಾತ್ರಿ ಹಂದಿ ಗೆಣಸಿನ ಸಾಲನ್ನೇ ಅಗೆದು ಹೋದರೂ ನಾಯಿ ಕಿವಿ ಎತ್ತಿರುವುದಿಲ್ಲ. ನಾಯಿಯನ್ನು ಸಾಕುವುದು ದಂಡವೇ? ಅಲ್ಲ. ಆದರೆ ಟಾರ್ಚ್ ಹಿಡಿದು ಹೋಗಿ ನೋಡದೆ ಯಾರೂ ಹಂದಿ ಬಂತು ಎಂದು ತೀರ್ಮಾನಿಸುವುದಿಲ್ಲ. ಎಎಫ್‌ಪಿ ನಾಯಿಯ ಹಾಗೆ. ಟಾರ್ಚ್ ಎಂದರೆ ಸ್ಕ್ಯಾನ್.

ಎಎಫ್‌ಪಿಯ ಪೂರ್ಣ ಹೆಸರು ಆಲ್ಫಾ ಫೀಟೋಪ್ರೋಟೀನ್. ಹೊಟ್ಟೆಯಲ್ಲಿರುವ ಮಗುವಿನ ಲಿವರು ತಯಾರಿಸುವ ಪ್ರೋಟೀನ್ ಅದು. ಹುಟ್ಟಿದ ಮೇಲೆ ಅದರ ತಯಾರಿಕೆ ಕಡಿಮೆಯಾಗುತ್ತ, ಹೆಚ್ಚುಕಡಿಮೆ ಒಂದು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಇಳಿಯುತ್ತದೆ. 1963ರಲ್ಲಿ ರಷ್ಯಾದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಗಡ್ಡೆಯಿದ್ದ ಇಲಿಗಳ ರಕ್ತದಲ್ಲಿ ಇದನ್ನು ಮತ್ತೆ ಕಂಡರು. ಮರುವರ್ಷ ಯೂರಿ ತತಾರಿನೋವ್ ರೋಗಿಯ ರಕ್ತದಲ್ಲಿಯೇ ಕಂಡರು. ಕ್ಯಾನ್ಸರಾದ ಲಿವರ್ ಕೋಶ ತನ್ನ ಶೈಶವದ ಅಭ್ಯಾಸಕ್ಕೆ ಮರಳುತ್ತದೆ. ತೊಡಕೇನೆಂದರೆ, ಗಾಯವಾಗಿ ಮತ್ತೆ ಬೆಳೆಯುತ್ತಿರುವ ಲಿವರ್ ಕೋಶವೂ ಸ್ವಲ್ಪ ಮಟ್ಟಿಗೆ ಅದನ್ನೇ ಮಾಡುತ್ತದೆ.

ಹೆಜ್ಜೆ 1: ಈ ಪರೀಕ್ಷೆ ನಿಮಗೆ ಬೇಕೇ?

ಊರಿನ ವಾಚನಾಲಯದಲ್ಲಿ, ದೇವಸ್ಥಾನದ ಸಭಾಭವನದಲ್ಲಿ ಈಗ ಆರೋಗ್ಯ ಶಿಬಿರಗಳು ನಡೆಯುತ್ತವೆ. ಅಲ್ಲಿ ಹಂಚುವ ‘ಫುಲ್ ಬಾಡಿ’ ಪ್ಯಾಕೇಜಿನ ಪಟ್ಟಿಯಲ್ಲಿ ಟ್ಯೂಮರ್ ಮಾರ್ಕರುಗಳೂ ಇರುತ್ತವೆ. ಲಿವರಿಗೆ ಯಾವ ತೊಂದರೆಯೂ ಇಲ್ಲದವರು ಎಎಫ್‌ಪಿ ಮಾಡಿಸಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಂಥವರಲ್ಲಿ ಸ್ವಲ್ಪ ಹೆಚ್ಚು ಬಂದರೆ ಅದು ಬಹುತೇಕ ಸುಳ್ಳು ಎಚ್ಚರಿಕೆ. ಹಣ ಹೋಗುತ್ತದೆ, ನಿದ್ದೆಯೂ ಹೋಗುತ್ತದೆ.

ಪರೀಕ್ಷೆ ಬೇಕಾಗಿರುವುದು ಸಿರೋಸಿಸ್ ಇರುವವರಿಗೆ, ಅಂದರೆ ಲಿವರು ನಾರುಗಟ್ಟಿ ಗಂಟುಗಂಟಾಗಿರುವವರಿಗೆ. ಅದು ಕುಡಿತದಿಂದ ಬಂದಿರಲಿ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸಿನಿಂದ ಬಂದಿರಲಿ, ಸಕ್ಕರೆ ಕಾಯಿಲೆ ಮತ್ತು ಕೊಬ್ಬಿನ ಲಿವರಿನಿಂದ ಬಂದಿರಲಿ. ಹೆಪಟೈಟಿಸ್ ಬಿ ಮಾತ್ರ ಇನ್ನೂ ಕಪಟಿ. ಅದು ಸಿರೋಸಿಸ್ ಆಗುವ ಮೊದಲೇ ಕ್ಯಾನ್ಸರ್ ತರಬಲ್ಲದು. ಹಾಗಾಗಿ ಬಿ ವೈರಸ್ಸು ದೇಹದಲ್ಲಿ ನೆಲೆನಿಂತ ಏಷ್ಯಾದ ಗಂಡಸರು 40 ದಾಟಿದ ಮೇಲೆ, ಹೆಂಗಸರು 50 ದಾಟಿದ ಮೇಲೆ, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದರೆ ಅದಕ್ಕೂ ಮೊದಲೇ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಎರಡನ್ನೂ ಮಾಡಿಸಿಕೊಳ್ಳಬೇಕೆಂಬುದು ತಜ್ಞರ ಸಲಹೆ. ಎರಡನ್ನೂ ಎಂಬ ಮಾತನ್ನು ಗಮನಿಸಿ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸಿರೋಸಿಸ್ ಇರುವವರ ಆರಂಭದ ಗಡ್ಡೆಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿದದ್ದು ಶೇಕಡಾ 45ರಷ್ಟು. ಎಎಫ್‌ಪಿ ಜೊತೆಗೆ ಸೇರಿದಾಗ ಅದು 63ಕ್ಕೆ ಏರಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗಲ್ಫಿಗೆ ಹೋಗುವ ಮೊದಲಿನ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದು ‘ಅನ್‌ಫಿಟ್’ ಆದವರು ಇಲ್ಲಿ ಊರೂರಿನಲ್ಲಿ ಇದ್ದಾರೆ. ವೀಸಾ ಕೈತಪ್ಪಿದ ದುಃಖದಲ್ಲಿ ಲಿವರನ್ನು ಮರೆತವರು ಅವರು. ನನ್ನ ಭಾವನೂ ಅಂಥವರೇ ಎಂಬುದು ನಮಗೆ ಗೊತ್ತಾದದ್ದು ಎಎಫ್‌ಪಿ ಬಂದ ಮೇಲೆ. ಇಪ್ಪತ್ತೈದರ ವಯಸ್ಸಿನಲ್ಲಿ ಶಾರ್ಜಾಕ್ಕೆ ಹೊರಟು ಮೆಡಿಕಲ್‌ನಲ್ಲಿ ನಿಂತುಹೋದದ್ದನ್ನು ಅಕ್ಕನಿಗೂ ಹೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ‘ಅನ್‌ಫಿಟ್’ ಆದವರಿದ್ದರೆ ಅವರ ಹೆಸರನ್ನು ಮೊದಲು ಬರೆದುಕೊಳ್ಳಿ.

ಸಿರೋಸಿಸ್ ಇದೆಯೋ ಇಲ್ಲವೋ ಗೊತ್ತಿಲ್ಲದವರು ಹಳೆಯ ರಿಪೋರ್ಟಿನಿಂದಲೇ ಒಂದು ಲೆಕ್ಕ ಹಾಕಬಹುದು. ಅದರ ಹೆಸರು ಫಿಬ್-4. ಅದಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬವು ಲಿವರ್ ಕೋಶಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಒಂದು ಕಡೆ ಇಡಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟನ್ನು ಸಾವಿರದ ಲೆಕ್ಕದಲ್ಲಿ ಹಾಕಬೇಕು. ನಮ್ಮ ಲ್ಯಾಬುಗಳು ಲಕ್ಷದಲ್ಲಿ ಬರೆಯುತ್ತವೆ, ಆದ್ದರಿಂದ 1.2 ಲಕ್ಷವಿದ್ದರೆ 120 ಎಂದು ತೆಗೆದುಕೊಳ್ಳಿ. ದೊಡ್ಡಮ್ಮನ ಲೆಕ್ಕವನ್ನೇ ನೋಡಿ: ವಯಸ್ಸು 68, ಎಸ್‌ಜಿಒಟಿ 72, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 96 ಸಾವಿರ. 68 ಗುಣಿಸು 72 ಎಂದರೆ 4896. 49ರ ವರ್ಗಮೂಲ 7. ಅದನ್ನು 96ರಿಂದ ಗುಣಿಸಿದರೆ 672. ಭಾಗಿಸಿದರೆ 7.3 ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಲಿವರು ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ. 65 ದಾಟಿದವರಿಗೆ ಆ ಗೆರೆಯನ್ನು 2.0 ಎಂದು ಹಿಡಿಯುತ್ತಾರೆ. 2.67 ಮೀರಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ಕಾಮಾಲೆ ಜೋರಾಗಿರುವ ದಿನಗಳ ಅಂಕಿಗಳನ್ನು ಈ ಲೆಕ್ಕಕ್ಕೆ ಬಳಸಬಾರದು. 35ಕ್ಕಿಂತ ಚಿಕ್ಕವರಿಗೂ ಇದು ಸರಿಹೊಂದುವುದಿಲ್ಲ.

ಆ ಅಂಕಿಗಳಿದ್ದ ಕಾಗದ ಮೂರು ವರ್ಷ ದೊಡ್ಡಮ್ಮನ ಪೆಟ್ಟಿಗೆಯಲ್ಲಿ, ರೇಷನ್ ಕಾರ್ಡಿನ ಕೆಳಗೆ ಮಡಚಿಕೊಂಡು ಬಿದ್ದಿತ್ತು. ನಾನೇ ಎಷ್ಟೋ ಸಲ ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದಿದ್ದೆ.

ಹೆಜ್ಜೆ 2: ರಕ್ತ ಕೊಡುವ ಮೊದಲು

ಎಎಫ್‌ಪಿಗೆ ಉಪವಾಸ ಬೇಡ. ಆದರೆ ಅದೇ ದಿನ ಹೊಟ್ಟೆಯ ಸ್ಕ್ಯಾನಿಂಗ್ ಇದ್ದರೆ ಆರೇಳು ಗಂಟೆ ಏನೂ ತಿನ್ನದೆ ಹೋಗುವುದು ಒಳ್ಳೆಯದು. ಪಿತ್ತಕೋಶ ತುಂಬಿದ್ದರೆ ಚೆನ್ನಾಗಿ ಕಾಣುತ್ತದೆ, ಗ್ಯಾಸಿನ ಅಡ್ಡಿಯೂ ಕಡಿಮೆ. ಮುಳ್ಳೇರಿಯ, ಪೆರ್ಲದ ಕಡೆಯಿಂದ ಬೆಳಗ್ಗಿನ ಬಸ್ಸಿಗೆ ಹೊರಡುವವರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಾಗಿದ್ದರೆ, ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳುವ ವಿಷಯವನ್ನು ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಕೊಳ್ಳಿ.

ಮುಖ್ಯವಾದದ್ದು, ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಕೂದಲು ಉದುರುವುದಕ್ಕೆಂದು ಅಂಗಡಿಯಿಂದ ತರುವ ಬಯೋಟಿನ್ ಮಾತ್ರೆಯ ಮೇಲೆ ಕಣ್ಣಿರಲಿ. ಲ್ಯಾಬಿನ ಎಷ್ಟೋ ಯಂತ್ರಗಳು ಪ್ರೋಟೀನನ್ನು ಹಿಡಿಯಲು ಬಯೋಟಿನ್‌ನ ಅಂಟುಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ವಿಪರೀತ ಇದ್ದರೆ ಎಎಫ್‌ಪಿ ಇರುವುದಕ್ಕಿಂತ ಕಡಿಮೆ ತೋರಬಹುದು. 5 ಅಥವಾ 10 ಮಿಲಿಗ್ರಾಮಿನ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸಿ, ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಗರ್ಭಿಣಿಯರಲ್ಲಿ ಎಎಫ್‌ಪಿ ತಾನಾಗಿಯೇ ಏರುತ್ತದೆ. ಮಗುವಿನದು ತಾಯಿಯ ರಕ್ತಕ್ಕೆ ಬರುತ್ತದೆ, ಅಷ್ಟೆ.

ಇನ್ನೊಂದು: ಲ್ಯಾಬು ಬದಲಿಸಬೇಡಿ. ಒಂದು ಸಲ ಕುಂಬಳೆಯಲ್ಲಿ, ಮುಂದಿನ ಸಲ ಮಂಗಳೂರಿನಲ್ಲಿ, ಅದರ ಮುಂದಿನ ಸಲ ರಿಯಾಯಿತಿ ಸಿಕ್ಕಿತೆಂದು ಮತ್ತೆಲ್ಲೋ ಕೊಟ್ಟರೆ, ಯಂತ್ರಗಳ ವ್ಯತ್ಯಾಸವನ್ನೇ ಕಾಯಿಲೆಯ ಏರಿಳಿತವೆಂದು ಓದಬೇಕಾಗುತ್ತದೆ.

ಹೆಜ್ಜೆ 3: ಅಂಕಿಗಿಂತ ಮೊದಲು ಅಳತೆಯನ್ನು ಓದಿ

ಅಂಕಿಯ ಪಕ್ಕದ ಸಣ್ಣ ಅಕ್ಷರವನ್ನು ಯಾರೂ ನೋಡುವುದಿಲ್ಲ. ಕೆಲವು ಲ್ಯಾಬು ಎನ್‌ಜಿ/ಎಂಎಲ್ ಎಂದು ಕೊಡುತ್ತದೆ, ಕೆಲವು ಐಯು/ಎಂಎಲ್ ಎಂದು. 1 ಐಯು ಎಂದರೆ ಸುಮಾರು 1.21 ನ್ಯಾನೋಗ್ರಾಂ. ಅಂದರೆ ಒಂದು ಕಡೆಯ 30 ಮತ್ತು ಇನ್ನೊಂದು ಕಡೆಯ 36 ಒಂದೇ ಆಗಿರಬಹುದು. ಹಿಂದಿನ ತಿಂಗಳು 30 ಇದ್ದದ್ದು ಈ ತಿಂಗಳು 36 ಆಗಿದೆ ಎಂದು ಅಳುತ್ತ ಬಂದವರನ್ನು ಸಮಾಧಾನ ಮಾಡಿ ಕಳುಹಿಸಿದ್ದೇನೆ.

ಈಗ ಅಂಕಿಗೆ ಬರೋಣ. ಕೆಳಗಿನದೆಲ್ಲ ನ್ಯಾನೋಗ್ರಾಂ ಲೆಕ್ಕ.

ದೊಡ್ಡವರಲ್ಲಿ ಸಾಮಾನ್ಯವಾಗಿ 10ರ ಒಳಗೆ. ಇದು ಗಡ್ಡೆಯಿಲ್ಲ ಎಂಬ ಪ್ರಮಾಣಪತ್ರವಲ್ಲ. ಲಿವರ್ ಕ್ಯಾನ್ಸರುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಎಎಫ್‌ಪಿಯನ್ನು ಏರಿಸುವುದೇ ಇಲ್ಲ. ಗಡ್ಡೆ ಚಿಕ್ಕದಿದ್ದಾಗ ಹಾಗಾಗುವುದು ಇನ್ನೂ ಹೆಚ್ಚು. ಯುವಕರಲ್ಲಿ, ಆರೋಗ್ಯವಂತ ಲಿವರಿನಲ್ಲಿ ಅಪರೂಪಕ್ಕೆ ಬರುವ ಫೈಬ್ರೊಲಮೆಲ್ಲರ್ ಎಂಬ ಬಗೆಯ ಗಡ್ಡೆಯಲ್ಲಂತೂ ಇದು ಸಾಮಾನ್ಯವಾಗಿ ಏರುವುದಿಲ್ಲ.

20 ಎಂಬುದು ಎಚ್ಚರಿಕೆಯ ಗೆರೆ. ಸಿರೋಸಿಸ್ ಅಥವಾ ಹೆಪಟೈಟಿಸ್ ಬಿ ಇರುವವರಲ್ಲಿ ಇದನ್ನು ದಾಟಿದರೆ, ಅಥವಾ ದಾಟದಿದ್ದರೂ ಸಲಸಲಕ್ಕೂ ಏರುತ್ತಿದ್ದರೆ, ಅಲ್ಟ್ರಾಸೌಂಡಿನಲ್ಲಿ ಏನೂ ಕಾಣದಿದ್ದರೂ ಸಿಟಿ ಅಥವಾ ಎಂಆರ್‌ಐ ಮಾಡಿಸಬೇಕು.

20ರಿಂದ 400ರ ನಡುವಿನದು ಮಂಜು ಕವಿದ ಜಾಗ. ನನಗೆ ಅತಿ ಹೆಚ್ಚು ಪ್ರಶ್ನೆಗಳು ಬರುವುದು ಇಲ್ಲಿಂದಲೇ. ಇಲ್ಲಿ ಎಸ್‌ಜಿಪಿಟಿಯನ್ನು ಪಕ್ಕದಲ್ಲಿಟ್ಟು ಓದಬೇಕು. ಎಸ್‌ಜಿಪಿಟಿ ನೂರಾರು ಇದ್ದರೆ ಲಿವರು ಉರಿಯುತ್ತಿದೆ, ಕೋಶಗಳು ಸಾಯುತ್ತಿವೆ, ಹೊಸವು ಹುಟ್ಟುತ್ತಿವೆ; ಆ ಗಲಾಟೆಗೇ ಎಎಫ್‌ಪಿ ಏರಬಹುದು. ಉರಿ ಆರಿದಂತೆ ಅದೂ ಇಳಿಯುತ್ತದೆ. ಎಸ್‌ಜಿಪಿಟಿ ಇಳಿಯುತ್ತಿದ್ದು ಎಎಫ್‌ಪಿ ಮಾತ್ರ ಏರುತ್ತಿದ್ದರೆ ಅದು ಬೇರೆಯೇ ಕಥೆ, ತಡಮಾಡಬಾರದು. ವೈರಸ್ಸಿಗೆ ಟೆನೋಫೊವಿರ್ ಅಥವಾ ಎಂಟೆಕಾವಿರ್ ತೆಗೆದುಕೊಂಡು ಉರಿ ಪೂರ್ತಿ ತಣಿದವರಲ್ಲಿ ಎಎಫ್‌ಪಿಯ ಮಾತಿಗೆ ಹೆಚ್ಚು ಬೆಲೆ ಬರುತ್ತದೆ. ಗಾಳಿ ಗದ್ದಲವಿಲ್ಲದ ರಾತ್ರಿಯಲ್ಲಿ ನಾಯಿ ಬೊಗಳಿದಂತೆ.

ಹಾಗೆಂದು ಎಸ್‌ಜಿಪಿಟಿ ಹೆಚ್ಚಿದೆ ಎಂಬ ಕಾರಣಕ್ಕೆ ಸ್ಕ್ಯಾನನ್ನು ಬಿಡುವಂತಿಲ್ಲ. ಎರಡೂ ಒಟ್ಟಿಗೆ ಇರಬಹುದು.

400 ದಾಟಿದರೆ ಸಂಶಯ ಬಲವಾಗುತ್ತದೆ. ಹಿಂದೆ ಇದನ್ನೇ ರೋಗನಿರ್ಣಯದ ಗೆರೆಯೆಂದು ಬಳಸುತ್ತಿದ್ದರು. ಈಗ ಅಂಕಿಯೊಂದನ್ನೇ ನಂಬಿ ನಿರ್ಣಯಿಸುವುದಿಲ್ಲ. ವೃಷಣದ ಮತ್ತು ಅಂಡಾಶಯದ ಕೆಲವು ಗಡ್ಡೆಗಳೂ ಎಎಫ್‌ಪಿಯನ್ನು ಸಾವಿರಗಟ್ಟಲೆ ಏರಿಸುತ್ತವೆ. ಯುವಕನೊಬ್ಬನಿಗೆ ಎಎಫ್‌ಪಿ ಹೆಚ್ಚಿದ್ದು ಲಿವರು ಚೆನ್ನಾಗಿದ್ದರೆ ವೈದ್ಯರು ವೃಷಣ ಪರೀಕ್ಷೆ ಮಾಡಲು ಹೇಳುತ್ತಾರೆ. ನಾಚಿಕೆಯಿಂದ ಅದನ್ನು ತಪ್ಪಿಸಿಕೊಳ್ಳಬೇಡಿ.

ಲ್ಯಾಬಿನವನಾಗಿ ಒಂದು ಒಳಗುಟ್ಟು. ಎಎಫ್‌ಪಿ ಲಕ್ಷಗಳ ಮಟ್ಟದಲ್ಲಿದ್ದಾಗ ಕೆಲವೊಮ್ಮೆ ಯಂತ್ರವೇ ಮುಳುಗಿಹೋಗಿ ಸುಳ್ಳೇ ಚಿಕ್ಕ ಅಂಕಿ ತೋರಿಸುತ್ತದೆ. ಇದಕ್ಕೆ ಹುಕ್ ಪರಿಣಾಮ ಎನ್ನುತ್ತೇವೆ. ಸ್ಕ್ಯಾನಿನಲ್ಲಿ ದೊಡ್ಡ ಗಡ್ಡೆ ಕಾಣುತ್ತಿದ್ದು ಎಎಫ್‌ಪಿ ಸಾಧಾರಣವಾಗಿದ್ದರೆ, ರಕ್ತವನ್ನು ತೆಳುಮಾಡಿ ಮತ್ತೆ ಓಡಿಸಿ ಎಂದು ಲ್ಯಾಬಿಗೆ ಹೇಳಬಹುದೇ ಎಂದು ವೈದ್ಯರನ್ನು ಕೇಳಿ.

ಹೆಜ್ಜೆ 4: ಇನ್ನೆರಡು ಪರೀಕ್ಷೆ ಕೇಳಬೇಕೇ?

ಎಎಫ್‌ಪಿ ಸುಮ್ಮನಿದ್ದಾಗ ಮಾತನಾಡಬಲ್ಲ ಇನ್ನೊಂದು ಪರೀಕ್ಷೆ ಪಿವ್ಕಾ-2. ಡಿಸಿಪಿ ಎಂದರೂ ಅದೇ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ಪ್ರೋಟೀನನ್ನು ಲಿವರು ವಿಟಮಿನ್ ಕೆ ಬಳಸಿ ಪೂರ್ತಿಗೊಳಿಸುತ್ತದೆ. ಕ್ಯಾನ್ಸರಾದ ಕೋಶ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೊರತೆಯಿರುವ ಸರಕನ್ನೇ ರಕ್ತಕ್ಕೆ ಸುರಿಯುತ್ತದೆ. ಅದನ್ನು ಅಳೆಯುವುದೇ ಪಿವ್ಕಾ. ಸಾಮಾನ್ಯವಾಗಿ 40 ಎಂಎಯು/ಎಂಎಲ್ ಗೆರೆ. ಎಎಫ್‌ಪಿ ಮತ್ತು ಪಿವ್ಕಾ ಒಂದನ್ನೊಂದು ಅನುಸರಿಸುವುದಿಲ್ಲ, ಒಂದು ಏರದಿದ್ದಾಗ ಇನ್ನೊಂದು ಏರಿರಬಹುದು; ಎರಡನ್ನೂ ಮಾಡಿಸುವುದರ ಬೆಲೆ ಅಲ್ಲಿದೆ. ದೊಡ್ಡಮ್ಮನಿಗೆ ಎಎಫ್‌ಪಿ 4 ಇದ್ದಾಗಲೇ ಪಿವ್ಕಾ 310 ಇತ್ತು.

ಆದರೆ ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರಾಂ ನುಂಗುವವರಲ್ಲಿ ಪಿವ್ಕಾ ಏರಿಯೇ ಇರುತ್ತದೆ, ಏಕೆಂದರೆ ಆ ಮಾತ್ರೆಯ ಕೆಲಸವೇ ವಿಟಮಿನ್ ಕೆಯನ್ನು ತಡೆಯುವುದು. ಪರೀಕ್ಷೆಗಾಗಿ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು; ಅಂಥವರಿಗೆ ಪಿವ್ಕಾ ಬೇಡ, ಅಷ್ಟೆ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದವರಲ್ಲೂ ಇದನ್ನು ನಂಬುವಂತಿಲ್ಲ.

ಇನ್ನೊಂದು ಎಎಫ್‌ಪಿ-ಎಲ್3. ಇದರ ಕಥೆ ಅಡುಗೆಮನೆಯದು. ಚೆನ್ನಂಗಿ ಬೇಳೆಯಲ್ಲಿ ಒಂದು ಪ್ರೋಟೀನ್ ಇದೆ. ಕ್ಯಾನ್ಸರ್ ಕೋಶದಿಂದ ಬರುವ ಎಎಫ್‌ಪಿಯ ಸಕ್ಕರೆಯ ಬಾಲಕ್ಕೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಉರಿಯಿಂದ ಏರಿದ ಎಎಫ್‌ಪಿಗೆ ಅಷ್ಟಾಗಿ ಅಂಟುವುದಿಲ್ಲ. ಹೀಗೆ ಅಂಟಿದ ಪಾಲು ಒಟ್ಟು ಎಎಫ್‌ಪಿಯ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಸಂಶಯ ಹೆಚ್ಚುತ್ತದೆ. ಚೆನ್ನಂಗಿ ಬೇಳೆ ತಿಂದರೆ ಏನಾದರೂ ಆಗುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಸಾರು ಆಗುತ್ತದೆ, ಬೇರೇನೂ ಆಗುವುದಿಲ್ಲ.

ಈ ಮೂರು ಅಂಕಿಗಳಿಗೆ ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಲೆಕ್ಕ ಹಾಕುವ ಗ್ಯಾಲಡ್ ಎಂಬ ಸೂತ್ರವೂ ಇದೆ. ದೊಡ್ಡ ಆಸ್ಪತ್ರೆಯ ವೈದ್ಯರು ಬಯಸಿದರೆ ಮಾಡಿಸುತ್ತಾರೆ. ನಾವು ಕೇಳಿ ಮಾಡಿಸಬೇಕಾದದ್ದಲ್ಲ. ಇಂಥ ಪರೀಕ್ಷೆಗಳನ್ನು ಊರಿನ ಚಿಕ್ಕ ಲ್ಯಾಬಿನಲ್ಲಿ ಕೊಟ್ಟರೂ ರಕ್ತ ದೊಡ್ಡ ನಗರಕ್ಕೆ ಹೋಗಿ ಬರುತ್ತದೆ, ರಿಪೋರ್ಟಿಗೆ ಕೆಲವು ದಿನ ಕಾಯಬೇಕಾಗುತ್ತದೆ ಎಂಬುದು ನೆನಪಿರಲಿ.

ಚೀಟಿಯಲ್ಲಿ ಸಿಎ 19-9 ಮತ್ತು ಸಿಇಎ ಇದ್ದರೆ ವೈದ್ಯರು ಬೇರೆ ಸಾಧ್ಯತೆಯನ್ನು ನೋಡುತ್ತಿದ್ದಾರೆ ಎಂದರ್ಥ. ಮೊದಲನೆಯದು ಪಿತ್ತನಾಳ ಮತ್ತು ಮೇದೋಜೀರಕದ ಗಡ್ಡೆಗಳಿಗೆ, ಎರಡನೆಯದು ಮುಖ್ಯವಾಗಿ ದೊಡ್ಡ ಕರುಳಿನ ಗಡ್ಡೆಗೆ. ನೋಡಿ, ಕೊನೆಗೂ ಕರುಳು ಬಂತು: ಲಿವರಿನಲ್ಲಿ ಕಾಣುವ ಗಡ್ಡೆ ಎಷ್ಟೋ ಸಲ ಬೇರೆಡೆಯಿಂದ, ಅದರಲ್ಲೂ ಕರುಳಿನಿಂದ ಹರಡಿ ಬಂದದ್ದಾಗಿರುತ್ತದೆ. ಪಿತ್ತನಾಳ ಕಟ್ಟಿದಾಗ ಕ್ಯಾನ್ಸರಿಲ್ಲದೆಯೂ ಸಿಎ 19-9 ಏರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಸಿಇಎ ಸ್ವಲ್ಪ ಹೆಚ್ಚಿರುತ್ತದೆ.

ಹೆಜ್ಜೆ 5: ಟಾರ್ಚ್ ಸರಿಯಾದದ್ದಿರಲಿ

ಇಲ್ಲಿ ಹಣವೂ ಸಮಯವೂ ಹೆಚ್ಚು ಪೋಲಾಗುತ್ತದೆ. ಎಎಫ್‌ಪಿ ಏರಿದೆ ಎಂದು ಗಾಬರಿಯಿಂದ ಹತ್ತಿರದಲ್ಲಿ ಎಲ್ಲೋ ಸಾದಾ ಸಿಟಿ ಮಾಡಿಸುತ್ತಾರೆ, ಅದನ್ನು ನೋಡಿದ ತಜ್ಞರು ಮತ್ತೆ ಮಾಡಿಸಿ ಎನ್ನುತ್ತಾರೆ. ಅವರದು ದುರಾಸೆಯಲ್ಲ. ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯಿಂದ, ಉಳಿದ ಕಾಲು ಪಾಲು ಅಪಧಮನಿಯಿಂದ. ಲಿವರ್ ಕ್ಯಾನ್ಸರಿನ ಗಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯನ್ನೇ ಕುಡಿದು ಬೆಳೆಯುತ್ತದೆ. ಹಾಗಾಗಿ ಬಣ್ಣದ ಔಷಧಿ ಚುಚ್ಚಿದ ಕೂಡಲೇ, ಅಪಧಮನಿ ತುಂಬಿದ ಹೊತ್ತಿನಲ್ಲಿ ಗಡ್ಡೆ ಸುತ್ತಲಿನ ಲಿವರಿಗಿಂತ ಹೊಳೆಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಲಿವರು ಹೊಳೆಯುವಾಗ ಗಡ್ಡೆ ಮಂಕಾಗುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆದರೆ ಮಾತ್ರ ಈ ಆಟ ಕಾಣುವುದು. ಆದ್ದರಿಂದ ಚೀಟಿಯಲ್ಲಿ ‘ಟ್ರೈಫೇಸಿಕ್’ ಅಥವಾ ‘ಮಲ್ಟಿಫೇಸ್’ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಕೇಳಿ. ಬಣ್ಣದ ಔಷಧಿಗೆ ಮೊದಲು ಕಿಡ್ನಿಯ ಕೆಲಸ ನೋಡುವ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಕಿಡ್ನಿಯ ತೊಂದರೆ, ಹಿಂದೆ ಚುಚ್ಚಿದಾಗ ಅಲರ್ಜಿ ಆದದ್ದು ಇದ್ದರೆ ಮೊದಲೇ ಹೇಳಿ.

ರಿಪೋರ್ಟಿನ ಕೊನೆಯಲ್ಲಿ ಎಲ್‌ಆರ್ ಎಂದು ಒಂದು ಗುರುತು ಇರಬಹುದು. ಎಲ್‌ಆರ್-1 ಎಂದರೆ ನಿರುಪದ್ರವಿ, ಎಲ್‌ಆರ್-5 ಎಂದರೆ ಲಿವರ್ ಕ್ಯಾನ್ಸರೆಂದೇ ಹಿಡಿಯಬಹುದು. 3 ಮತ್ತು 4 ನಡುವಿನವು. ಎಲ್‌ಆರ್-ಎಂ ಎಂದರೆ ಕ್ಯಾನ್ಸರಿನ ಹಾಗಿದೆ, ಆದರೆ ಲಿವರಿನದೇ ಸಾಮಾನ್ಯ ಬಗೆ ಎಂದು ಹೇಳಲಾಗದು. ಸಿರೋಸಿಸ್ ಅಥವಾ ಹೆಪಟೈಟಿಸ್ ಬಿ ಇರುವವರಿಗೆ ಎಲ್‌ಆರ್-5 ಬಂದರೆ ಸೂಜಿ ಚುಚ್ಚಿ ತುಣುಕು ತೆಗೆಯದೆಯೇ ಚಿಕಿತ್ಸೆಗೆ ಹೋಗಬಹುದು. ‘ಬಯಾಪ್ಸಿ ಮಾಡದೆ ಹೇಗೆ ಹೇಳಿದರು’ ಎಂದು ಜಗಳಕ್ಕೆ ನಿಲ್ಲಬೇಡಿ. ಸೂಜಿಯ ದಾರಿಯಲ್ಲಿ ಕೋಶಗಳು ಉದುರುವ, ರಕ್ತ ಸುರಿಯುವ ಅಪಾಯ ಸಣ್ಣದಾದರೂ ಇದೆ. ಸಿರೋಸಿಸ್ ಇಲ್ಲದವರಿಗೆ, ಚಿತ್ರ ಸ್ಪಷ್ಟವಿಲ್ಲದವರಿಗೆ ಬಯಾಪ್ಸಿ ಬೇಕಾಗುತ್ತದೆ.

ಅಲ್ಟ್ರಾಸೌಂಡಿನಲ್ಲಿ ಕಂಡ ಗಂಟು 1 ಸೆಂಟಿಮೀಟರಿಗಿಂತ ಚಿಕ್ಕದಿದ್ದು ಎಎಫ್‌ಪಿ ಏರಿಲ್ಲದಿದ್ದರೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡುತ್ತಾರೆ. ಇದು ಉದಾಸೀನವಲ್ಲ, ಅಷ್ಟು ಚಿಕ್ಕದನ್ನು ಸಿಟಿಯಲ್ಲೂ ಖಚಿತವಾಗಿ ಹೇಳುವುದು ಕಷ್ಟ.

ಹೆಜ್ಜೆ 6: ಫೈಲು, ಗಡಿ, ಭಾಷೆ

ನೂರು ಪುಟದ ನೋಟುಪುಸ್ತಕ ತೆಗೆದುಕೊಂಡು ಗೆರೆ ಎಳೆಯಿರಿ: ತಾರೀಕು, ಲ್ಯಾಬು, ಎಎಫ್‌ಪಿ ಮತ್ತು ಅದರ ಅಳತೆ, ಪಿವ್ಕಾ, ಎಸ್‌ಜಿಪಿಟಿ, ಬಿಲಿರುಬಿನ್, ಪ್ಲೇಟ್‌ಲೆಟ್, ಸ್ಕ್ಯಾನಿನಲ್ಲಿ ಕಂಡದ್ದು. ಮೂರು ಸಾಲು ತುಂಬಿದ ಮೇಲೆ ಯಾವ ವೈದ್ಯರಾದರೂ ಒಂದು ನಿಮಿಷದಲ್ಲಿ ಓದುತ್ತಾರೆ. ಸಿಟಿಯ ಫಿಲಂ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ.

ನಮ್ಮಲ್ಲಿ ಬಹಳ ಮಂದಿಯ ಕಾಲು ಮಂಗಳೂರಿನ ಕಡೆಗೇ ಎಳೆಯುತ್ತದೆ. ಹತ್ತಿರ, ಕನ್ನಡ ಮತ್ತು ತುಳು ನಡೆಯುತ್ತದೆ. ಆದರೆ 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನಲ್ಲಿ ಫೈಲು ಇದ್ದವರು ಈಚೆ ಕಡೆ ಬರಿಗೈಯಲ್ಲಿ ಉಳಿದದ್ದು ಮರೆತಿಲ್ಲ. ಪ್ರತಿಯೊಂದರ ನಕಲು ನಿಮ್ಮಲ್ಲಿರಲಿ. ದಕ್ಷಿಣಕ್ಕೆ ಹೋಗುವವರಿಗೆ ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ರೈಲಿನ ದಾರಿಯಲ್ಲೇ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ನೆರವಾಗುತ್ತದೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಅಲ್ಲಿನ ವಿಮಾ ಕೌಂಟರಿನಲ್ಲಿ ಕೇಳಿ, ಮಲಗಿದ ಮೇಲಲ್ಲ.

ಮಲಯಾಳದಲ್ಲಿ ಮಾತನಾಡುವ ವೈದ್ಯರ ಮುಂದೆ ತಲೆಯಾಡಿಸಿ ಬರಬೇಡಿ. ಕಾಗದದಲ್ಲಿ ಲಿವರಿನ ಚಿತ್ರ ಬರೆದು ತೋರಿಸಿ ಎಂದರೆ ಅವರೇನೂ ಬೇಸರಿಸುವುದಿಲ್ಲ. ಮನೆಮದ್ದಿನ ವಿಷಯವನ್ನೂ ಮುಚ್ಚಿಡಬೇಡಿ. ನೆಲನೆಲ್ಲಿಯ ರಸ ಕುಡಿಯುತ್ತಿದ್ದರೆ ಹೇಳಿ. ಅದನ್ನು ಕುಡಿದು ತಿಂಗಳುಗಟ್ಟಲೆ ಸ್ಕ್ಯಾನು ಮುಂದೂಡಿದ್ದರೆ ಅದನ್ನೂ ಹೇಳಿ.

ಹೆಜ್ಜೆ 7: ಚಿಕಿತ್ಸೆಯ ನಂತರದ ಅಂಕಿಗಳು

ನನ್ನ ಅನುಭವದಲ್ಲಿ ಮಾರ್ಕರು ಅತಿ ಪ್ರಾಮಾಣಿಕವಾಗಿ ಕೆಲಸ ಮಾಡುವುದು ಇಲ್ಲಿ. ಗಡ್ಡೆಯನ್ನು ಕತ್ತರಿಸಿ ತೆಗೆದ ಅಥವಾ ಸೂಜಿಯಿಂದ ಸುಟ್ಟ ಮೇಲೆ ರಕ್ತದಲ್ಲಿರುವ ಎಎಫ್‌ಪಿ ಸುಮಾರು ಐದು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಮೊದಲು 1000 ಇದ್ದರೆ ಹತ್ತು ದಿನಕ್ಕೆ 250, ಇಪ್ಪತ್ತಕ್ಕೆ 60ರ ಹತ್ತಿರ, ತಿಂಗಳಿಗೆ 16ರಷ್ಟು. ಹೀಗೆ ಇಳಿಯದೆ ನಡುವೆ ನಿಂತರೆ ಎಲ್ಲೋ ಉಳಿದಿದೆ ಎಂಬ ಸಂಶಯ. ಇಳಿದು ಮತ್ತೆ ಏರಿದರೆ ಮರಳಿ ಬಂದಿದೆ ಎಂಬ ಸಂಶಯ. ಚಿಕಿತ್ಸೆಗೆ ಮೊದಲು ಯಾವ ಮಾರ್ಕರು ಏರಿತ್ತೋ ಅದನ್ನೇ ಮುಂದೆಯೂ ನೋಡಬೇಕು. ಆದ್ದರಿಂದ ಚಿಕಿತ್ಸೆಗೆ ಮೊದಲಿನ ಅಂಕಿ ಇಲ್ಲದೆ ಶಸ್ತ್ರಕ್ರಿಯೆಗೆ ಹೋಗಬೇಡಿ. ದೊಡ್ಡಮ್ಮನ ಗಡ್ಡೆ 2.8 ಸೆಂಟಿಮೀಟರ್, ಒಂದೇ ಇತ್ತು, ಸುಟ್ಟರು. ಅವರ ಎಎಫ್‌ಪಿ ಆಗಲೂ 4, ಈಗಲೂ 4. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಪಿವ್ಕಾ 310ರಿಂದ 25ಕ್ಕೆ ಇಳಿಯಿತು. ಅವರ ಪುಸ್ತಕದಲ್ಲಿ ನಾವು ನೋಡುವುದು ಆ ಸಾಲನ್ನು.

ಹೆಜ್ಜೆ 8: ಮನೆಯ ಉಳಿದವರು

ಕಾರಣ ಹೆಪಟೈಟಿಸ್ ಬಿ ಎಂದು ಗೊತ್ತಾದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರು ಎಲ್ಲರೂ ಬಿ ವೈರಸ್ಸು ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಕು. ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ದಾಟುವುದರಿಂದ ಅಣ್ಣ ತಮ್ಮಂದಿರಲ್ಲಿ ಒಟ್ಟಿಗೆ ಕಾಣಿಸುವುದು ಸಾಮಾನ್ಯ. ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸರಕಾರದಿಂದ ಸಿಗುವಂತಾದದ್ದು 2011ರ ಹೊತ್ತಿಗೆ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಹೆಚ್ಚಿನವರು ತಾವಾಗಿ ಹಾಕಿಸಿಕೊಂಡಿರಬೇಕು. ದೊಡ್ಡವರಿಗೆ ಮೂರು ಡೋಸು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಒಟ್ಟಿಗೆ ಉಣ್ಣುವುದರಿಂದ, ತಟ್ಟೆ ಲೋಟದಿಂದ ಇದು ಹರಡುವುದಿಲ್ಲ. ಭಾವನ ತಟ್ಟೆಯನ್ನು ಬೇರೆ ಇಟ್ಟವರಿಗೆ ಇದನ್ನು ನಾಲ್ಕು ಸಲ ಹೇಳಬೇಕಾಯಿತು. ರೇಜರು ಮತ್ತು ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆಯೇ ಇರಬೇಕು.

ಮಳೆಗಾಲದಲ್ಲಿ ಬೂಷ್ಟು ಹಿಡಿದ ನೆಲಗಡಲೆ, ಕೊಬ್ಬರಿಯನ್ನು ಒರೆಸಿ ಬಳಸುವ ಅಭ್ಯಾಸವನ್ನೂ ಆ ಮನೆಯಲ್ಲಿ ಬಿಡಿಸಿದೆವು. ಅಂಥ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಮತ್ತು ಬಿ ವೈರಸ್ಸು ಒಂದೇ ಲಿವರಿನಲ್ಲಿ ಸೇರಿದರೆ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಅಕ್ಕನಿಗೆ ಕೊಬ್ಬರಿ ಎಸೆಯುವುದು ಕಷ್ಟವಾಯಿತು.

ಭಾವನ 38ರ ದಿನ ಎಸ್‌ಜಿಪಿಟಿ 210 ಇತ್ತು. ಟ್ರೈಫೇಸಿಕ್ ಸಿಟಿಯಲ್ಲಿ ಗಂಟು ಕಾಣಲಿಲ್ಲ. ವೈರಸ್ಸಿಗೆ ಮಾತ್ರೆ ಶುರುವಾಯಿತು. ಮೂರು ತಿಂಗಳಿಗೆ ಎಎಫ್‌ಪಿ 17, ಆರು ತಿಂಗಳಿಗೆ 6. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ನಡೆಯುತ್ತಿದೆ. ಅವರ ತಮ್ಮನಿಗೂ ಪಾಸಿಟಿವ್ ಬಂತು, ಅವರೂ ಈಗ ಅಂಕಿಗಳ ನೋಟುಪುಸ್ತಕ ಬರೆಯುತ್ತಿದ್ದಾರೆ. ಅಕ್ಕನಿಗೂ ಇಬ್ಬರು ಮಕ್ಕಳಿಗೂ ನೆಗೆಟಿವ್. ಮಕ್ಕಳಲ್ಲಿ ದೊಡ್ಡವನ ಮೂರನೆಯ ಡೋಸು ಮಾತ್ರ ಬಾಕಿಯಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಕ್ಕ ಆ ತಾರೀಕಿಗೆ ಕೆಂಪು ಸುತ್ತು ಹಾಕಿದ್ದಾಳೆ.